ಧಾರವಾಡ: ಊರಿನಿಂದ ಬಂಡೆಗೆ

2021ರ ಸೆಪ್ಟೆಂಬರ್‌ನಲ್ಲಿ ‘ಊರ್ಜಾ’ ಎಂಬ ಸುರಂಗ ಕೊರೆಯುವ ಯಂತ್ರ ಬೆಂಗಳೂರಿನ ಕಂಟೋನ್ಮೆಂಟ್‌ನಿಂದ ಹೊರಟು ಶಿವಾಜಿನಗರದಲ್ಲಿ ಮೂತಿ ಹೊರಹಾಕಿತು. ಮೆಟ್ರೊಗಾಗಿ ಅದು ಕೊರೆದ ನೆಲ ಯಾವುದೆಂದು ಭೂವಿಜ್ಞಾನಿಗಳನ್ನು ಕೇಳಿ: ‘ಧಾರವಾಡ ಕ್ರೇಟಾನ್’ ಎನ್ನುತ್ತಾರೆ. ಪೇಡೆಯ ಊರಿನ ಹೆಸರಿಗೆ ದಂಡು ಪ್ರದೇಶದ ನೆಲದಡಿಯಲ್ಲಿ ಏನು ಕೆಲಸ?

ಹೆಸರು ‘ದ್ವಾರವಾಟ’ದಿಂದ ಬಂತೆಂಬ ವಿವರಣೆ ರೂಢಿಯಲ್ಲಿದೆ, ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಬಾಗಿಲು ಎಂದರ್ಥ. ಬ್ರಿಟಿಷರ ಕಿವಿಗೆ ನಮ್ಮ ‘ಡ’ಕಾರ ‘ರ’ಕಾರವಾಗಿ ಕೇಳಿಸಿ, ಕಾಗದಪತ್ರಗಳಲ್ಲಿ ಊರು ‘ಧಾರ್ವಾರ್’ ಆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ 1888ರಲ್ಲಿ ದಕ್ಷಿಣ ಭಾರತದ ಚಿನ್ನದ ಶಿಲೆಗಳ ಬಗ್ಗೆ ಬರೆದಾಗ ಅವಕ್ಕೆ ಕೊಟ್ಟ ಹೆಸರು ‘ಧಾರ್ವಾರ್ ಸಿಸ್ಟಮ್’.

ಆಗ ಆ ಪದ ಸೂಚಿಸಿದ್ದು ಪದರಶಿಲೆಯ ಪಟ್ಟಿಗಳನ್ನು ಮಾತ್ರ. ಕಡಲಡಿಯಲ್ಲಿ ಉಕ್ಕಿದ ಲಾವಾ, ಅದರೊಡನೆ ಶೇಖರವಾದ ಮರಳು, ಕೆಸರು. ಪೂರ್ವ ಪಶ್ಚಿಮಗಳಿಂದ ಬಿದ್ದ ಒತ್ತಡಕ್ಕೆ ಅವು ಮಡಿಕೆ ಬಿದ್ದು, ಮಲಗಿದ್ದ ಪದರಗಳು ನೆಟ್ಟಗೆ ನಿಂತವು. ಗದಗ, ಚಿತ್ರದುರ್ಗ, ಕೋಲಾರದ ಪಟ್ಟಿಗಳು ಉತ್ತರ ದಕ್ಷಿಣವಾಗಿ ಚಾಚಿರುವುದು ಇದರಿಂದಲೇ. ಸವೆದುಹೋದ ಬೆಟ್ಟಸಾಲುಗಳ ಬುಡ ಇವು.

ಈ ಶಿಲೆಗಳು ನೈಸ್ ಬಂಡೆಯ ಮೇಲೆ ಕೂತಿವೆ, ಆದ್ದರಿಂದ ಕಿರಿಯವು ಎಂದು ಫೂಟ್ ಬಗೆದರು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಅದನ್ನು ತಲೆಕೆಳಗು ಮಾಡಿದರು: ಧಾರವಾಡವೇ ಹಿರಿದು, ನೈಸ್ ಆಮೇಲೆ ನುಗ್ಗಿದ್ದು. ಜಗಳ ಬಹುಕಾಲ ನಡೆದು, ಇಬ್ಬರಿಗೂ ಪಾಲು ಸಿಕ್ಕಿತು. ನೈಸ್‌ನೊಳಗೆ ತುಣುಕುಗಳಾಗಿ ಸಿಕ್ಕಿಕೊಂಡ ಹಳೆಯ ಶಿಲೆಗಳು ‘ಸರಗೂರು’ ಎಂಬ ಬೇರೆ ಹೆಸರು ಪಡೆದವು. ಮೇಲೆ ಕೂತವು ‘ಧಾರವಾಡ’ವಾಗಿಯೇ ಉಳಿದವು. ಪದದ ಅರ್ಥ ಕುಗ್ಗಿತು.

ಹಿಗ್ಗಿದ್ದು ‘ಕ್ರೇಟಾನ್’ ಜೊತೆಗೂಡಿದಾಗ. ಕೋಟ್ಯಂತರ ವರ್ಷಗಳಿಂದ ಗಟ್ಟಿಯಾಗಿ ನಿಂತ ಭೂಖಂಡದ ತುಂಡಿಗೆ ಆ ಹೆಸರು. ನೈಸ್, ಗ್ರಾನೈಟ್, ಪದರಶಿಲೆ ಎಲ್ಲವೂ ಈಗ ಧಾರವಾಡದ ವ್ಯಾಪ್ತಿಗೆ ಬಂದವು. ಅದನ್ನು ಪಶ್ಚಿಮ, ಪೂರ್ವ ಎಂದು ಎರಡಾಗಿ ಹಂಚಿದಾಗ ಬೆಂಗಳೂರು ಪೂರ್ವಕ್ಕೆ ಸೇರುತ್ತದೆ. ಈಚೆಗೆ ಮೂರಾಗಿ ಹಂಚುವವರ ಪ್ರಕಾರ ಮಧ್ಯಕ್ಕೆ. ಹಲಸೂರು, ಇಂದಿರಾನಗರ, ಕೆ.ಆರ್.ಪುರ ದಾಟಿ ಹಳೆ ಮದರಾಸು ರಸ್ತೆಯಲ್ಲಿ ಸಾಗಿದರೆ ಕೋಲಾರದವರೆಗೂ ಅದೇ ಖಂಡ. ಕೋಲಾರದ ಚಿನ್ನದ ಪಟ್ಟಿಯ ಎರಡು ಬದಿಯ ನೈಸ್‌ಗಳ ಹುಟ್ಟುಚರಿತ್ರೆ ಬೇರೆಬೇರೆ. ಅವು ಸುಮಾರು 250 ಕೋಟಿ ವರ್ಷಗಳ ಹಿಂದೆ ಬಂದು ಕೂಡಿಕೊಂಡ ಎರಡು ನೆಲಗಳು ಎಂದು 1989ರ ಅಧ್ಯಯನವೊಂದು ವಾದಿಸಿತು.

ಇಂಗ್ಲಿಷಿನಲ್ಲಿ ಊರು ತನ್ನ ‘ಡ’ವನ್ನು ಮರಳಿ ಪಡೆದಿದೆ, ಭೂವಿಜ್ಞಾನದ ಬರಹಗಳಲ್ಲಿ ಮಾತ್ರ ‘ರ’ವೇ ಮುಂದುವರಿದಿದೆ. ಕನ್ನಡದಲ್ಲಿ ಬರೆಯುವವರಿಗೆ ಈ ಇಬ್ಬಂದಿ ಇಲ್ಲ. ಊರಿಗೂ ಬಂಡೆಗೂ ‘ಧಾರವಾಡ’ ಎಂದೇ ಬರೆದರೆ ಸಾಕು.