ಎದ್ದು ಎದ್ದು ಬೀಳುವ ಕಂಪ್ಯೂಟರು

2024ರ ಜುಲೈ 19, ಶುಕ್ರವಾರ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಐರೋಲಿಯಿಂದ ಅಕ್ಕನ ಮಗನ ಫೋನು. "ಮಾವ, ನಮ್ಮ ಆಫೀಸಿನ ಲ್ಯಾಪ್‌ಟಾಪುಗಳೆಲ್ಲ ಶುರುವಾಗ್ತವೆ, ನೀಲಿ ಪರದೆ ಬರ್ತದೆ, ಮತ್ತೆ ಶುರುವಾಗ್ತವೆ. ಬೆಳಿಗ್ಗೆಯಿಂದ ಇದೇ. ನಿಮ್ಮ ಬ್ಯಾಂಕಲ್ಲಿ ಹೇಗೆ?"

ನಮ್ಮಲ್ಲಿ ಏನೂ ಆಗಿರಲಿಲ್ಲ. ಆದರೆ ಲಕ್ಷಣ ಕೇಳಿದ ಕೂಡಲೇ ನನಗೆ ಹಳೆಯ ರೋಗಿಯೊಬ್ಬನ ನೆನಪಾಯಿತು. 2006ರಲ್ಲಿ ಡೊಂಬಿವಲಿಯ ಒಂದು ಪುಟ್ಟ ಕೋಣೆಯಲ್ಲಿ ಇದೇ ಕಾಯಿಲೆಯ ಕಂಪ್ಯೂಟರಿನ ಎದುರು ಎರಡು ರಾತ್ರಿ ಕೂತಿದ್ದೆ.

ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಕುಂದಾಪುರದಿಂದ 1991ರಲ್ಲಿ ಬಂದು ಬ್ಯಾಂಕು ಸೇರಿದಾಗ ಶಾಖೆಯಲ್ಲಿ ದಪ್ಪ ಲೆಡ್ಜರುಗಳದ್ದೇ ರಾಜ್ಯ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬರತೊಡಗಿದ್ದವು. ಆ ಯಂತ್ರದ ಹತ್ತಿರ ಹೋಗಲು ಹಿರಿಯರು ಹೆದರುತ್ತಿದ್ದರು. ಹೊಸಬ ಅಂತ ನನ್ನನ್ನು ಕೂರಿಸಿದರು, ಅಷ್ಟೇ. ಅಲ್ಲಿಂದ ಶುರುವಾದ ಚಟ.

ಡ್ರೈವರ್ ಅಂದರೇನು ಅಂತ ಬ್ಯಾಂಕಿನವನ ಭಾಷೆಯಲ್ಲಿ ಹೇಳುತ್ತೇನೆ. ವರ್ಡ್, ಎಕ್ಸೆಲ್ ಇತ್ಯಾದಿಗಳು ಕೌಂಟರಿನ ಆಚೆ ನಿಂತ ಗ್ರಾಹಕರು. ಒಬ್ಬ ಗಲಾಟೆ ಮಾಡಿದರೆ ಅವನನ್ನು ಹೊರಗೆ ಕಳಿಸಿದರಾಯಿತು, ಶಾಖೆ ನಡೆಯುತ್ತದೆ. ಆದರೆ ಪ್ರಿಂಟರು, ಸ್ಕ್ಯಾನರು, ಡಿಸ್ಕುಗಳ ಜೊತೆ ವ್ಯವಹರಿಸುವ ಡ್ರೈವರುಗಳಲ್ಲಿ ಹೆಚ್ಚಿನವು ಸ್ಟ್ರಾಂಗ್ ರೂಮಿನ ಒಳಗೇ ಓಡಾಡುವ ಸಿಬ್ಬಂದಿ. ಕರ್ನಲ್ ಎನ್ನುವುದು ಆ ಸ್ಟ್ರಾಂಗ್ ರೂಮು. ಅಲ್ಲಿ ತಪ್ಪಾದರೆ ಲೆಕ್ಕ ಕೆಡುವ ಮೊದಲೇ ವಿಂಡೋಸ್ ಶಟರ್ ಎಳೆದುಬಿಡುತ್ತದೆ. ನಾವು ಬೈಯುವ ನೀಲಿ ಪರದೆ ಅದೇ. 1998ರ ಏಪ್ರಿಲಿನಲ್ಲಿ ಶಿಕಾಗೋದ ಪ್ರದರ್ಶನವೊಂದರಲ್ಲಿ ಬಿಲ್ ಗೇಟ್ಸ್ ವೇದಿಕೆಯಲ್ಲಿರುವಾಗಲೇ, ಸಹಾಯಕರು ಒಂದು ಸ್ಕ್ಯಾನರ್ ಜೋಡಿಸಿದ್ದೇ ತಡ, ಇನ್ನೂ ಬಿಡುಗಡೆಯಾಗದ ವಿಂಡೋಸ್ 98 ನೀಲಿಯಾಯಿತು. ಯಜಮಾನನ ಎದುರೇ ಹೀಗಾದರೆ ನಮ್ಮ ನಿಮ್ಮ ಪಾಡು ಕೇಳುವುದೇ ಬೇಡ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಇದಕ್ಕೆ ಇನ್ನೊಂದು ತಿರುವು ಕೊಟ್ಟಿತು. ಶಟರ್ ಎಳೆದ ಮೇಲೆ ಕಾಯದೆ ತಾನಾಗಿ ರೀಸ್ಟಾರ್ಟ್ ಆಗುವುದನ್ನೇ ರೂಢಿಯಾಗಿ ಇಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ ತಪ್ಪು ಮಾಡಿದ ಡ್ರೈವರ್ ಮತ್ತೆ ಒಳಗೆ ಬರುತ್ತದೆ, ಮತ್ತೆ ತಪ್ಪು, ಮತ್ತೆ ರೀಸ್ಟಾರ್ಟ್... ನೀಲಿ ಪರದೆಯಲ್ಲಿ ಬರೆದದ್ದನ್ನು ಓದಲೂ ಸಮಯವಿಲ್ಲ.

ಡೊಂಬಿವಲಿಯ ಆ ಕಂಪ್ಯೂಟರಿಗೂ ಹೀಗೇ ಆಗಿತ್ತು. ನಮ್ಮ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆ ಅದರೊಳಗಿತ್ತು. ಜಾಹೀರಾತು ಹೋದರೆ ಮತ್ತೆ ತರಬಹುದು. ಆದರೆ ಗಿರಣಿಯಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು, ತಾವು ಡೊಂಬಿವಲಿಗೆ ಬಂದ ಕಥೆಯನ್ನು ಬಾಯಲ್ಲೇ ಹೇಳಿ ಟೈಪ್ ಮಾಡಿಸಿದ್ದರು. ಕೈಬರಹದ ಪ್ರತಿ ಇಲ್ಲ. ಅವರು ಆ ತಿಂಗಳಷ್ಟೇ ತೀರಿಕೊಂಡಿದ್ದರು.

ಎಲ್ಲರ ಮೊದಲ ಅನುಮಾನ ಕರೆಂಟಿನ ಮೇಲೆ. ಆ ವರ್ಷಗಳಲ್ಲಿ ಮುಂಬಯಿ ನಗರ ಝಗಮಗಿಸುತ್ತಿದ್ದರೆ ಕಲ್ಯಾಣ-ಡೊಂಬಿವಲಿಯ ನಮಗೆ ದಿನಕ್ಕಿಷ್ಟು ಗಂಟೆ ಲೋಡ್‌ಶೆಡ್ಡಿಂಗ್ ಪ್ರಸಾದ. (ಇನ್‌ವರ್ಟರ್ ಮಾರಿದವರೇ ಉದ್ಧಾರವಾದರು ಬಿಡಿ.) ಯುಪಿಎಸ್ ಬದಲಿಸಿದೆವು, ಪ್ರಯೋಜನವಿಲ್ಲ. ಇನ್ನು ಕೆಲವರಿಗೆ 2003ರ ಆಗಸ್ಟಿನ ಬ್ಲಾಸ್ಟರ್ ಹುಳದ ನೆನಪು. ಆದರೆ ಅದು ಅರುವತ್ತು ಸೆಕೆಂಡಿನ ನೋಟೀಸು ಕೊಟ್ಟು ರೀಸ್ಟಾರ್ಟ್ ಮಾಡಿಸುತ್ತಿತ್ತು. ಇಲ್ಲಿ ನೋಟೀಸೇ ಇಲ್ಲ. ಸ್ಟೇಷನ್ ಪಕ್ಕದ ರಿಪೇರಿ ಹುಡುಗ ಬಂದು ಎರಡೇ ನಿಮಿಷ ನೋಡಿ, "ಫಾರ್ಮ್ಯಾಟ್ ಕರ್ನಾ ಪಡೇಗಾ" ಎಂದ. ಫಾರ್ಮ್ಯಾಟ್ ಅಂದರೆ ಆ ಹಿರಿಯರ ಮಾತು ಶಾಶ್ವತವಾಗಿ ಹೋದಂತೆ. ಅವನಿಗೆ ಚಹಾ ಕುಡಿಸಿ ಕಳಿಸಿದೆ.

ಎಫ್8 ಒತ್ತಿ ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸಿದೆ. ನೀಲಿ ಪರದೆ ಈಗ ನಿಂತಿತು, ಒಂದು .ಸಿಸ್ ಫೈಲಿನ ಹೆಸರೂ ಕಂಡಿತು. ಅದು ಆಂಟಿವೈರಸ್ ಒಂದರ ಡ್ರೈವರು. ವಿಚಾರಿಸಿದರೆ, ಮೊದಲೇ ಒಂದು ಇದ್ದರೂ ಯಾರೋ ಇನ್ನೊಂದನ್ನೂ ಹಾಕಿದ್ದರು. ಯಾರೆಂದು ಕೇಳಿದರೆ ಯಾರಿಗೂ ನೆನಪಿಲ್ಲ! ಸ್ಟ್ರಾಂಗ್ ರೂಮಿಗೆ ಎರಡು ಕೀಲಿಕೈ ಇರುತ್ತವಲ್ಲ, ಹಾಗೆ ಎರಡಿದ್ದರೆ ಹೆಚ್ಚು ಭದ್ರ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಇಲ್ಲಿ ಇಬ್ಬರೂ ಪ್ರತಿ ಫೈಲನ್ನೂ ತಡೆದು ತಪಾಸಣೆ ಮಾಡುವವರು. ಒಬ್ಬ ಫೈಲು ತೆರೆದರೆ ಇನ್ನೊಬ್ಬ ಅದನ್ನೂ ತಡೆಯುತ್ತಾನೆ. 32 ಬಿಟ್ ಎಕ್ಸ್‌ಪಿಯಲ್ಲಿ ಒಂದು ಥ್ರೆಡ್ಡಿಗೆ ಕರ್ನಲ್ಲಿನೊಳಗೆ ಸಿಗುವ ಸ್ಟ್ಯಾಕ್ ಜಾಗ ಬರೀ 12 ಕಿಲೋಬೈಟು. ಇಂಥ ಡ್ರೈವರುಗಳು ಒಂದರ ಮೇಲೊಂದು ಕೂತರೆ ಅದು ತುಂಬಿ ಚೆಲ್ಲುವುದೂ ಉಂಟು.

ಸೇಫ್ ಮೋಡಿನಲ್ಲಿ ತೆರೆದೆ. ಅಂದರೆ ಮುಷ್ಕರದ ದಿನದ ಶಾಖೆ, ಅತ್ಯಗತ್ಯ ಸಿಬ್ಬಂದಿ ಮಾತ್ರ. ಎಕ್ಸ್‌ಪಿಯ ಸೇಫ್ ಮೋಡಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಕೆಲಸ ಮಾಡದ್ದರಿಂದ ಆ ಆಂಟಿವೈರಸ್ಸನ್ನು ತೆಗೆಯಲು ಆಗಲಿಲ್ಲ. ಡ್ರೈವರ್ಸ್ ಫೋಲ್ಡರಿಗೆ ಹೋಗಿ ಆ ಒಂದು ಫೈಲಿನ ಹೆಸರು ಬದಲಿಸಿದೆ. ಮರುಗಳಿಗೆ ಕಂಪ್ಯೂಟರ್ ಎದ್ದು ಕೂತಿತು. ಮೊದಲು ಮಾಡಿದ್ದು ಆ ಲೇಖನವನ್ನು ಎರಡು ಸೀಡಿಗೆ ಹಾಕಿದ್ದು.

ಆಮೇಲೆ ಮೈಕ್ರೋಸಾಫ್ಟ್ ಬಿಗಿಯಾಯಿತು. 2007ರ 64 ಬಿಟ್ ವಿಸ್ತಾದಿಂದ ಕರ್ನಲ್ ಡ್ರೈವರುಗಳಿಗೆ ಡಿಜಿಟಲ್ ಸಹಿ ಕಡ್ಡಾಯ. ಆದರೂ ಕಾವಲುಗಾರರ ಕಾಟ ತಪ್ಪಲಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀ ಕಳಿಸಿದ ಅಪ್‌ಡೇಟೊಂದು ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಅಂದುಕೊಂಡು, ಜಗತ್ತಿನ ತುಂಬ ಕಂಪ್ಯೂಟರುಗಳು ಸುತ್ತು ಹೊಡೆದವು. ಆಗ ಅಲ್ಲಿ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದವರು ಜಾರ್ಜ್ ಕರ್ಟ್ಜ್. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕಿನ ಮುಖ್ಯಸ್ಥರಾಗಿದ್ದವರೂ ಅವರೇ.

ಆ ದಿನ ನಮ್ಮ ಸಮಯ ಬೆಳಿಗ್ಗೆ 9.39ಕ್ಕೆ ಹೊರಟ ಕ್ರೌಡ್‌ಸ್ಟ್ರೈಕ್ ಫೈಲನ್ನು 10.57ಕ್ಕೆ ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳು ಮಲಗಿದ್ದವು. ಡ್ರೈವರಿಗೆ ಸಹಿ ಇತ್ತು, ಆದರೆ ಮೈಕ್ರೋಸಾಫ್ಟಿನ ಪರೀಕ್ಷೆ ಅದು ಓದುವ ಕಡತಕ್ಕೆ ಅನ್ವಯಿಸುತ್ತಿರಲಿಲ್ಲ. ಚೆಕ್ಕಿನ ಸಹಿ ನೋಡಿ ಲಗತ್ತು ಓದದೆ ಪಾಸ್ ಮಾಡಿದ ಹಾಗೆ. 20 ಮಾಹಿತಿ ಕೊಟ್ಟ ಕಡೆ 21ನೆಯದನ್ನು ಓದಲು ಹೋಗಿ ಬಿತ್ತು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಸೇರಿ ಹತ್ತರಲ್ಲಿ ಮಾತ್ರ ಸಣ್ಣ ತೊಂದರೆ ಅಂತ ರಿಸರ್ವ್ ಬ್ಯಾಂಕ್ ಹೇಳಿತು.

ಪರಿಹಾರ? ಸೇಫ್ ಮೋಡು, ಒಂದು ಫೈಲು ಅಳಿಸುವುದು. ಹೆಚ್ಚಿನ ಕಡೆ ಯಂತ್ರದ ಮುಂದೆ ಮನುಷ್ಯನೇ ಕೂತು ಮಾಡಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಮೊದಲು 48 ಅಂಕಿಯ ಕೀಲಿ ಬೇರೆ. ಅಕ್ಕನ ಮಗನ ಆಫೀಸಿನಲ್ಲಿ ಆ ಕೀಲಿಗಳ ಪಟ್ಟಿ ಇದ್ದದ್ದೂ ನೀಲಿಯಾಗಿ ಕೂತ ಇನ್ನೊಂದು ಯಂತ್ರದಲ್ಲಿ! ಅವನ ಸರದಿ ಬಂದದ್ದು ಶನಿವಾರ ಸಂಜೆ. ಯಾರೋ ಫೋನಿನಲ್ಲಿ ಅಂಕಿ ಓದಿ ಹೇಳಿದರಂತೆ, ಇವನು ಎರಡು ಸಲ ತಪ್ಪು ಒತ್ತಿದನಂತೆ. ಮೂರನೆಯ ಸಲ ತೆರೆಯಿತು. ಫೈಲು ಅಳಿಸಲು ಹಿಡಿದದ್ದು ಐದು ನಿಮಿಷ.