ಕೊಂಡದ್ದು ಸಾವಿರ, ಆಡಿದ್ದು ಹತ್ತಾರು

2009ರ ಫೆಬ್ರವರಿಯಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ‘ಡೈಸ್’ ಸಮ್ಮೇಳನದಲ್ಲಿ ವಾಲ್ವ್ ಕಂಪನಿಯ ಗೇಬ್ ನ್ಯೂವೆಲ್ ವಿಡಿಯೊ ಗೇಮ್ ಉದ್ಯಮದವರ ಮುಂದೆ ನಾಲ್ಕು ಅಂಕಿಗಳನ್ನಿಟ್ಟರು. ತಮ್ಮ ಆನ್‌ಲೈನ್ ಮಳಿಗೆ ‘ಸ್ಟೀಮ್’ನಲ್ಲಿ ವರ್ಷಾಂತ್ಯದ ರಜೆಯ ಹೊತ್ತಿಗೆ ನಡೆದ ರಿಯಾಯಿತಿ ಮಾರಾಟದ ಲೆಕ್ಕ ಅದು. ಬೆಲೆಯನ್ನು ಶೇ 10ರಷ್ಟು ಇಳಿಸಿದಾಗ ವಹಿವಾಟು ಶೇ 35ರಷ್ಟು ಏರಿತ್ತು. ಶೇ 25ರಷ್ಟು ಇಳಿಸಿದಾಗ ಏರಿಕೆ ಶೇ 245. ಅರ್ಧಕ್ಕೆ ಇಳಿಸಿದಾಗ ಶೇ 320. ಮುಕ್ಕಾಲು ಪಾಲು ಬೆಲೆಯನ್ನೇ ಕಿತ್ತುಹಾಕಿದಾಗ ಶೇ 1470. ಇವು ಮಾರಾಟವಾದ ಪ್ರತಿಗಳ ಸಂಖ್ಯೆಯಲ್ಲ, ಗಲ್ಲಾಪೆಟ್ಟಿಗೆಗೆ ಬಂದ ಹಣದ ಲೆಕ್ಕ. 2008ರ ನವೆಂಬರ್‌ನಲ್ಲಿ ಬಂದಿದ್ದ ‘ಲೆಫ್ಟ್ 4 ಡೆಡ್’ ಆಟವನ್ನು ಒಂದು ವಾರಾಂತ್ಯ ಅರ್ಧ ಬೆಲೆಗೆ ಮಾರಿದಾಗ, ಬಿಡುಗಡೆಯ ಸಂಭ್ರಮದಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ಹಣ ಬಂತು ಎಂದೂ ನ್ಯೂವೆಲ್ ಹೇಳಿದರು.

ಮಾರುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಕೊಳ್ಳುವವರ ಬದುಕಿನಲ್ಲಿ ಅದು ಬೇರೆಯದೇ ಒಂದು ರೂಢಿಯನ್ನು ಹುಟ್ಟುಹಾಕಿತು: ಆಡುವುದಕ್ಕೆಂದಲ್ಲದೆ, ಮುಂದೆಂದಾದರೂ ಆಡಬಹುದೆಂದು ಕೊಂಡಿಡುವುದು. ಇಂದು ನೂರಾರು ಆಟಗಳಿರುವ ಖಾತೆ ಯಾರಿಗೂ ಅಚ್ಚರಿಯಲ್ಲ. ಅದರಲ್ಲಿ ಒಮ್ಮೆಯೂ ತೆರೆಯದ ಆಟಗಳನ್ನು ಗೇಮರ್‌ಗಳು ‘ಬ್ಯಾಕ್‌ಲಾಗ್’ ಎಂದು ಕರೆಯುತ್ತಾರೆ, ಅದರ ಮಾತು ಬಂದಾಗ ತುಸು ಸಂಕೋಚಪಡುತ್ತಾರೆ, ತಮ್ಮ ದುರಾಸೆಯನ್ನೋ ಸೋಮಾರಿತನವನ್ನೋ ಹಳಿದುಕೊಳ್ಳುತ್ತಾರೆ. ಆದರೆ ಆ ರಾಶಿಯನ್ನು ಅವರೊಬ್ಬರೇ ಪೇರಿಸಿದ್ದಲ್ಲ. ಅದರ ಹಿಂದೆ ಸುಮಾರು ಅರ್ಧ ಶತಮಾನದ ವ್ಯಾಪಾರದ ಚರಿತ್ರೆ ಇದೆ.

ಆಟವನ್ನು ಬಿಡಿಯಾಗಿ ಕೊಂಡು ಕಪಾಟಿನಲ್ಲಿಡುವುದು ಸಾಧ್ಯವಾದದ್ದು ಕಾರ್ಟ್ರಿಡ್ಜ್ ಬಂದ ಮೇಲೆ. 1976ರಲ್ಲಿ ಜೆರ್ರಿ ಲಾಸನ್ ಅವರ ತಂಡ ರೂಪಿಸಿದ ಫೇರ್‌ಚೈಲ್ಡ್ ಚಾನೆಲ್ ಎಫ್, ಮರುವರ್ಷ ಬಂದ ಅಟಾರಿಯ ಯಂತ್ರ, ಎರಡೂ ಮನೆಯ ಟಿವಿಗೆ ಹೊಸ ಹೊಸ ಆಟಗಳನ್ನು ಚುಚ್ಚುವ ದಾರಿ ತೆರೆದವು. ಅಟಾರಿ ಮಾರುಕಟ್ಟೆಗೆ ಬಂದಾಗ ಅದಕ್ಕಿದ್ದ ಆಟಗಳು ಒಂಬತ್ತೇ. ಎಲ್ಲವನ್ನೂ ಕೊಂಡವನೂ ಎಲ್ಲವನ್ನೂ ಆಡಿ ಮುಗಿಸಬಲ್ಲವನಾಗಿದ್ದ. ಬೇಗನೆ ಆ ಕಾಲ ಕಳೆಯಿತು. ಕಂಪನಿಗಳು ನಾ ಮುಂದು ತಾ ಮುಂದು ಎಂದು ಕಾರ್ಟ್ರಿಡ್ಜ್‌ಗಳನ್ನು ತಂದು ಸುರಿದವು. ‘ಇ.ಟಿ.’ ಸಿನಿಮಾದ ಹೆಸರಿನಲ್ಲಿ ಹೊವಾರ್ಡ್ ಸ್ಕಾಟ್ ವಾರ್ಶಾ ಐದೇ ವಾರಗಳಲ್ಲಿ ಮಾಡಿಕೊಟ್ಟ ಆಟದ ಲಕ್ಷಾಂತರ ಪ್ರತಿಗಳು ಬಿಕರಿಯಾಗದೆ ಉಳಿದವು. ಅಂಗಡಿಗಳು ಹಳೆಯ ಸರಕನ್ನು ಬುಟ್ಟಿಗೆ ಹಾಕಿ ಐದು ಡಾಲರಿಗೋ ಅದಕ್ಕಿಂತ ಕಡಿಮೆಗೋ ಮಾರತೊಡಗಿದವು. 1983ರ ಸೆಪ್ಟೆಂಬರಿನಲ್ಲಿ ಅಟಾರಿ ತನ್ನ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ಸಾಗಿಸಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತಿತು. 2014ರಲ್ಲಿ ಅಲ್ಲಿ ಅಗೆದಾಗ ಸುಮಾರು 1,300 ಕಾರ್ಟ್ರಿಡ್ಜ್‌ಗಳನ್ನು ಹೊರತೆಗೆದರು. ಅವುಗಳಲ್ಲಿ ಹಲವನ್ನು ನಗರಾಡಳಿತ ಹರಾಜು ಹಾಕಿ ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಒಂದು ಪ್ರತಿ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿತು.

ಆ ಕುಸಿತದಿಂದ ಪಾಠ ಕಲಿತದ್ದು ಜಪಾನಿನ ನಿಂಟೆಂಡೊ. 1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟ ಅದು, ತನ್ನ ಯಂತ್ರಕ್ಕೆ ಹೊರಗಿನ ಕಂಪನಿಯೊಂದು ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ತರುವಂತಿಲ್ಲ ಎಂದು ಕಟ್ಟಳೆ ಹಾಕಿತು. ಕಾರ್ಟ್ರಿಡ್ಜ್‌ಗಳನ್ನು ತಯಾರಿಸುವ ಅಧಿಕಾರವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಈ ಹಿಡಿತದ ಬಗ್ಗೆ ಆಗ ಸಾಕಷ್ಟು ದೂರುಗಳಿದ್ದವು. ಆದರೂ ಒಂದು ಪೀಳಿಗೆಯ ಮಕ್ಕಳು ಒಂದೊಂದು ಆಟವನ್ನೂ ತಿಂಗಳುಗಟ್ಟಲೆ, ಅದರ ಮೂಲೆಮೂಲೆ ಬಾಯಿಪಾಠವಾಗುವವರೆಗೆ ಆಡಿದ್ದಕ್ಕೆ ಆಟಗಳ ದುಬಾರಿ ಬೆಲೆಯೂ ಒಂದು ಕಾರಣ.

ಕರ್ನಾಟಕಕ್ಕೆ ಅದೇ ಯಂತ್ರ ಬಂದದ್ದು ಹೆಚ್ಚಾಗಿ ನಕಲು ರೂಪದಲ್ಲಿ, ತೊಂಬತ್ತರ ದಶಕದಲ್ಲಿ. ಇಲ್ಲಿ ಕಾರ್ಟ್ರಿಡ್ಜ್‌ಗೆ ಎಲ್ಲರೂ ಹೇಳುತ್ತಿದ್ದುದು ‘ಕ್ಯಾಸೆಟ್’ ಎಂದೇ. ಬೇಸಿಗೆ ರಜೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ವಿಡಿಯೊ ಗೇಮ್ ಪಾರ್ಲರ್‌ಗಳಲ್ಲಿ ಆಡಿದವರು, ನೆಂಟರ ಮನೆಯಲ್ಲಿ ಸರದಿಗೆ ಕಾದು ಕುಳಿತವರು ಈಗ ನಡುವಯಸ್ಸಿನಲ್ಲಿದ್ದಾರೆ. ಆ ಕ್ಯಾಸೆಟ್‌ಗಳ ಮೇಲೆ ‘9999 ಇನ್ 1’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಪಟ್ಟಿಯನ್ನು ಕೆಳಕ್ಕೆ ಸರಿಸುತ್ತ ಹೋದರೆ ಅದೇ ‘ಮಾರಿಯೊ’, ಅದೇ ‘ಕಾಂಟ್ರಾ’, ಅದೇ ‘ರೋಡ್ ಫೈಟರ್’ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಶುರುವಾಗಿ ಮತ್ತೆ ಮತ್ತೆ ಬರುತ್ತಿದ್ದವು. ನಿಜವಾದ ಆಟಗಳು ಬೆರಳೆಣಿಕೆಯಷ್ಟು. ಸಂಖ್ಯೆಯಲ್ಲಿ ಸಾವಿರಗಳ ಆಸೆ, ಅನುಭವದಲ್ಲಿ ಕೆಲವೇ ಆಟಗಳ ಆಳವಾದ ಪರಿಚಯ. ಮುಂದೆ ಸ್ವಂತ ಸಂಬಳ ಕೈಗೆ ಬಂದಾಗ ಇವರಲ್ಲಿ ಅನೇಕರು ಅಗ್ಗದ ಆಟಗಳನ್ನು ಬಾಚಿ ಬಾಚಿ ಕೊಂಡದ್ದಕ್ಕೆ ಆ ಬಾಲ್ಯದ ಅಭಾವವೂ ಕಾರಣ ಎಂದರೆ ತಪ್ಪಾಗಲಾರದು. 2015ರ ನವೆಂಬರ್‌ನಲ್ಲಿ ಸ್ಟೀಮ್ ರೂಪಾಯಿಯಲ್ಲೇ ಬೆಲೆ ತೋರಿಸತೊಡಗಿದಾಗ ಆ ದಾರಿ ಇನ್ನಷ್ಟು ಸಲೀಸಾಯಿತು.

ಸ್ಟೀಮ್ ಶುರುವಾದದ್ದು ಅಂಗಡಿಯಾಗಿ ಅಲ್ಲ. 2003ರ ಸೆಪ್ಟೆಂಬರ್ 12ರಂದು ಬಂದಾಗ ಅದು ವಾಲ್ವ್‌ನ ಸ್ವಂತ ಆಟಗಳಿಗೆ ಅಪ್‌ಡೇಟ್ ತಲುಪಿಸುವ ತಂತ್ರಾಂಶವಾಗಿತ್ತು. ಮರುವರ್ಷ ‘ಹಾಫ್-ಲೈಫ್ 2’ ಆಡಲು ಸ್ಟೀಮ್ ಬೇಕೇ ಬೇಕು ಎಂದಾಗ ಡಿಸ್ಕ್ ಕೊಂಡವರೂ ಗೊಣಗುತ್ತಲೇ ಖಾತೆ ತೆರೆದರು. 2005ರಿಂದ ಹೊರಗಿನವರ ಆಟಗಳೂ ಅಲ್ಲಿ ಮಾರಾಟಕ್ಕೆ ಬಂದವು. ಡಬ್ಬಿ ಇಲ್ಲ, ಡಿಸ್ಕ್ ಇಲ್ಲ, ಗೋದಾಮಿನ ಬಾಡಿಗೆ ಇಲ್ಲ; ಇನ್ನೊಂದು ಪ್ರತಿ ಮಾರಲು ತಗಲುವ ಖರ್ಚು ಹೆಚ್ಚೂಕಡಿಮೆ ಶೂನ್ಯ. ಅಲಮೊಗೊರ್ಡೊದಲ್ಲಿ ಹೂಳಬೇಕಾದಂಥ ಸರಕು ಇಲ್ಲಿ ಹುಟ್ಟುವುದೇ ಇಲ್ಲ. ಅಂಗಡಿಯ ಬುಟ್ಟಿಯಿಂದ ಮಾಯವಾದ ರಾಶಿ ಕೊಂಡವರ ಖಾತೆಗಳಲ್ಲಿ ಬೆಳೆಯತೊಡಗಿತು.

2010ರ ಆಚೀಚೆ ಸ್ಟೀಮ್‌ನ ಬೇಸಿಗೆ ಮತ್ತು ಚಳಿಗಾಲದ ಮಾರಾಟಗಳು ಗೇಮರ್‌ಗಳ ಪಾಲಿಗೆ ಜಾತ್ರೆಗಳೇ ಆದವು. ದಿನಕ್ಕೊಂದು ಹೊಸ ರಿಯಾಯಿತಿ, ಅದರ ನಡುವೆ ಕೆಲವೇ ಗಂಟೆ ಇರುವ ‘ಫ್ಲ್ಯಾಶ್ ಸೇಲ್’, ಮುಂದೆ ಯಾವ ಆಟದ ಬೆಲೆ ಇಳಿಯಬೇಕೆಂದು ಆಟಗಾರರಿಂದಲೇ ಮತದಾನ. ಗಡಿಯಾರ ಕೆಳಮುಖವಾಗಿ ಎಣಿಸುತ್ತಿರುವಾಗ ‘ಇದನ್ನು ಯಾವಾಗ ಆಡುತ್ತೇನೆ’ ಎಂಬ ಪ್ರಶ್ನೆಗೆ ಪುರಸೊತ್ತೇ ಇರುತ್ತಿರಲಿಲ್ಲ. 2015ರ ಜೂನ್‌ನಲ್ಲಿ, ಎರಡು ಗಂಟೆಗಿಂತ ಕಡಿಮೆ ಆಡಿದ ಆಟವನ್ನು ಹದಿನಾಲ್ಕು ದಿನಗಳೊಳಗೆ ಮರಳಿಸಿ ಹಣ ಪಡೆಯುವ ವ್ಯವಸ್ಥೆ ಬಂತು. ಅದೇ ವರ್ಷದ ಕೊನೆಯ ಮಾರಾಟಗಳಲ್ಲಿ ಫ್ಲ್ಯಾಶ್ ಸೇಲ್ ಕಾಣೆಯಾಯಿತು. ಅಷ್ಟು ಹೊತ್ತಿಗೆ ರೂಢಿ ಬೇರೂರಿ ಆಗಿತ್ತು.

ಎಷ್ಟು ಬೇರೂರಿತ್ತು ಎಂಬುದು 2014ರ ಏಪ್ರಿಲ್‌ನಲ್ಲೇ ಬಯಲಾಗಿತ್ತು. ‘ಆರ್ಸ್ ಟೆಕ್ನಿಕಾ’ ಪತ್ರಿಕೆಯ ಕೈಲ್ ಆರ್ಲೆಂಡ್ ಸ್ಟೀಮ್‌ನ ಸಾರ್ವಜನಿಕ ಖಾತೆಗಳನ್ನು ಯಾದೃಚ್ಛಿಕವಾಗಿ ಆರಿಸಿ ಲೆಕ್ಕ ಹಾಕಿದರು. ಒಟ್ಟು ಸುಮಾರು 78 ಕೋಟಿ ಪ್ರತಿಗಳಲ್ಲಿ ಶೇ 37ರಷ್ಟನ್ನು ಒಮ್ಮೆಯೂ ತೆರೆದಿರಲಿಲ್ಲ. ಇನ್ನು ಶೇ 17ರಷ್ಟನ್ನು ಆಡಿದ್ದು ಒಂದು ಗಂಟೆಗಿಂತ ಕಡಿಮೆ. ಅಂದರೆ ಅರ್ಧಕ್ಕೂ ಹೆಚ್ಚು ಪ್ರತಿಗಳಿಗೆ ಸಿಕ್ಕ ಸಮಯ ಇಲ್ಲವೇ ಇಲ್ಲ ಎನ್ನುವಷ್ಟು.

ಈ ಚರಿತ್ರೆಯ ಮತ್ತೊಂದು ಎಳೆ ಸಣ್ಣ ತಯಾರಕರದು. ಅದನ್ನು ಕೇವಲ ವ್ಯಾಪಾರದ ಆಮಿಷ ಎಂದು ತಳ್ಳಿಹಾಕುವುದು ಅನ್ಯಾಯ. ಇಬ್ಬರೇ ಸ್ಥಾಪಿಸಿದ ‘2ಡಿ ಬಾಯ್’ ಎಂಬ ಸಂಸ್ಥೆ 2009ರ ಅಕ್ಟೋಬರ್‌ನಲ್ಲಿ, ತನ್ನ ‘ವರ್ಲ್ಡ್ ಆಫ್ ಗೂ’ ಆಟಕ್ಕೆ ಒಂದು ವರ್ಷ ತುಂಬಿದ ಖುಷಿಯಲ್ಲಿ ‘ನಿಮಗೆ ತೋಚಿದಷ್ಟು ಕೊಡಿ’ ಎಂದಿತು. ಸುಮಾರು 57 ಸಾವಿರ ಜನ ಕೊಂಡರು. ಅತಿ ಹೆಚ್ಚು ಮಂದಿ ಆರಿಸಿದ ಬೆಲೆ ಒಂದು ಸೆಂಟ್. ಆದರೂ ಸರಾಸರಿ ಎರಡು ಡಾಲರ್ ದಾಟಿತು. ಮುಂದಿನ ಮೇ ತಿಂಗಳಲ್ಲಿ ವುಲ್ಫೈರ್ ಸಂಸ್ಥೆ ಇದೇ ಪದ್ಧತಿಯಲ್ಲಿ ಹಲವು ಸ್ವತಂತ್ರ ಆಟಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ‘ಹಂಬಲ್ ಇಂಡೀ ಬಂಡಲ್’ ಎಂದು ಮಾರಿತು. ಕೊಟ್ಟ ಹಣದಲ್ಲಿ ತಯಾರಕರಿಗೆಷ್ಟು, ದತ್ತಿ ಸಂಸ್ಥೆಗಳಿಗೆಷ್ಟು ಎಂದು ಕೊಳ್ಳುವವರೇ ನಿರ್ಧರಿಸಬಹುದಿತ್ತು. ಒಟ್ಟು 12 ಲಕ್ಷ ಡಾಲರಿಗೂ ಹೆಚ್ಚು ಕೂಡಿತು. ಬೇಕಾದ ಒಂದು ಆಟಕ್ಕಾಗಿ ಗಂಟು ಕೊಂಡವರ ಖಾತೆಗೆ ಉಳಿದ ಆಟಗಳು ತಾವಾಗಿ ಬಂದು ಸೇರಿದವು. ಆಡದೆ ಉಳಿದ ಆ ಪ್ರತಿಗಳ ಹಣದಿಂದಲೂ ಕೆಲವು ಸಣ್ಣ ಸ್ಟುಡಿಯೊಗಳ ಬಾಡಿಗೆ ಸಂದಾಯವಾಯಿತು, ಮುಂದಿನ ಆಟದ ಕೆಲಸ ನಡೆಯಿತು.

ಈ ಎಳೆಯ ತುತ್ತತುದಿ 2020ರ ಜೂನ್. ಅಮೆರಿಕದಲ್ಲಿ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾದ ನಂತರ ‘ಇಚ್.ಐಒ’ ಎಂಬ ಮಳಿಗೆ ಜನಾಂಗೀಯ ನ್ಯಾಯಕ್ಕಾಗಿ ನಿಧಿ ಕೂಡಿಸಲು ಹೊರಟಿತು. ಅಲ್ಲಿನ ತಯಾರಕರು ತಮ್ಮ ತಮ್ಮ ಆಟಗಳನ್ನು ತಾವಾಗಿಯೇ ತಂದುಕೊಟ್ಟರು. ಗಂಟಿನಲ್ಲಿದ್ದದ್ದು 1,700ಕ್ಕೂ ಹೆಚ್ಚು ಕೃತಿಗಳು. ಕನಿಷ್ಠ ಬೆಲೆ ಐದು ಡಾಲರ್. ಎಂಟು ಲಕ್ಷಕ್ಕೂ ಹೆಚ್ಚು ಜನ ಕೊಂಡು 81 ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿಸಿದರು. ಇಲ್ಲಿ ಎಲ್ಲವನ್ನೂ ಆಡುತ್ತೇನೆ ಎಂಬ ಭ್ರಮೆ ಯಾರಿಗೂ ಇರಲಿಲ್ಲ. ಕೊಳ್ಳುವುದು ಒಂದು ದೇಣಿಗೆಯಾಗಿತ್ತು, ಒಂದು ನಿಲುವಾಗಿತ್ತು.

ಕೊಳ್ಳುವ ಶ್ರಮವನ್ನೂ ಇಲ್ಲವಾಗಿಸಿದ್ದು ಎಪಿಕ್ ಕಂಪನಿ. 2018ರ ಡಿಸೆಂಬರಿನಲ್ಲಿ ಮಳಿಗೆ ತೆರೆದು, ಸ್ಟೀಮ್‌ನಿಂದ ಜನರನ್ನು ಸೆಳೆಯಲು ಆಟಗಳನ್ನು ಬಿಟ್ಟಿಯಾಗಿಯೇ ಕೊಡತೊಡಗಿತು. 2020ರ ಮೇ ತಿಂಗಳಲ್ಲಿ ‘ಜಿಟಿಎ 5’ ಉಚಿತ ಎಂದಾಗ ನೂಕುನುಗ್ಗಲಿಗೆ ಮಳಿಗೆಯೇ ಕುಸಿದು ಬಿತ್ತು. ಆ ಒಂದೇ ವರ್ಷ ಜನ ಪಡೆದುಕೊಂಡ ಉಚಿತ ಪ್ರತಿಗಳು 74.9 ಕೋಟಿ ಎಂದು ಕಂಪನಿಯೇ ಪ್ರಕಟಿಸಿತು.

ಬೆಲೆ ಸೊನ್ನೆಗೆ ಇಳಿಯಬಹುದು. ದಿನದ ಗಂಟೆಗಳು ಹೆಚ್ಚುವುದಿಲ್ಲ. 2015ರ ‘ವಿಚರ್ 3’ ಆಟದ ಮುಖ್ಯ ಕಥೆ ಮುಗಿಸಲೇ ಸುಮಾರು ಐವತ್ತು ಗಂಟೆ ಬೇಕು. ದಿನವೂ ತಪ್ಪದೆ ಎರಡು ಗಂಟೆ ಆಡುವವರಿಗೆ ವರ್ಷಕ್ಕೆ 730 ಗಂಟೆ ಸಿಗುತ್ತದೆ, ಅಂದರೆ ಅಂಥ ಹದಿನಾಲ್ಕು ಆಟ. ಸ್ಟೀಮ್ ಒಂದರಲ್ಲೇ 2024ರಲ್ಲಿ ಬಂದ ಹೊಸ ಆಟಗಳು 18 ಸಾವಿರಕ್ಕೂ ಹೆಚ್ಚು, ದಿನಕ್ಕೆ ಸುಮಾರು ಐವತ್ತು. ಕೆಲಸ, ಸಂಸಾರ, ಟ್ರಾಫಿಕ್ ಎಲ್ಲ ಮುಗಿಸಿ ಮನೆ ಸೇರುವ ಬೆಂಗಳೂರಿನ ತಂತ್ರಜ್ಞನಿಗೆ ಆ ಎರಡು ಗಂಟೆಯೂ ದುಬಾರಿಯೇ.

ಇಷ್ಟಾದರೂ ಕೂಡಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ, ನಿವೃತ್ತಿಯಾದ ಮೇಲಾದರೂ ಆಡಬಹುದು ಎಂಬ ನೆಮ್ಮದಿ ಇತ್ತು. ಅದಕ್ಕೂ ಈಗ ಪೆಟ್ಟು ಬಿದ್ದಿದೆ. ಯೂಬಿಸಾಫ್ಟ್‌ನ ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ರಂದು ಅದರ ಸರ್ವರ್ ನಿಲ್ಲಿಸಿದಾಗ, ಅದು ಒಬ್ಬರೇ ಕುಳಿತು ಆಡುವುದಕ್ಕೂ ಸಿಗದಂತಾಯಿತು. ಅಗ್ಗಕ್ಕೆ ಕೊಂಡು ಆಮೇಲೆ ನೋಡೋಣ ಎಂದು ಬಿಟ್ಟಿದ್ದವರಿಗೆ ಆ ‘ಆಮೇಲೆ’ ಬರಲೇ ಇಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ, ಡಿಜಿಟಲ್ ಮಳಿಗೆಗಳು ಮಾರುತ್ತಿರುವುದು ಪರವಾನಗಿಯನ್ನಷ್ಟೇ ಎಂದು ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನು ತಂದಿತು. ಅಕ್ಟೋಬರಿನಿಂದ ಸ್ಟೀಮ್‌ನಲ್ಲಿ ಹಣ ಕಟ್ಟುವ ಪುಟದಲ್ಲೇ ಆ ಸೂಚನೆ ಕಾಣುತ್ತದೆ. ಯುರೋಪಿನಲ್ಲಿ, ತಯಾರಕರು ಕೈಬಿಟ್ಟ ಆಟವನ್ನು ಆಡುವ ಸ್ಥಿತಿಯಲ್ಲೇ ಉಳಿಸಿ ಹೋಗಬೇಕೆಂದು ಒತ್ತಾಯಿಸುವ ನಾಗರಿಕ ಮನವಿಗೆ 2025ರ ಜುಲೈ ಹೊತ್ತಿಗೆ 12 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದಿದ್ದವು. ಸಹಿ ಹಾಕಿದವರಲ್ಲಿ ದಿನವೂ ಆಡುವವರಿದ್ದಾರೆ. ಕೊಂಡಿಟ್ಟು ಇನ್ನೂ ತೆರೆಯದವರೂ ಖಂಡಿತ ಇರುತ್ತಾರೆ, ಅವರ ಬೇಡಿಕೆಯೂ ಅಷ್ಟೇ ನ್ಯಾಯವಾದದ್ದು.