ಇಂಗ್ಲೀಷು ವ್ಯಾಕರಣದ ಮೂರು ನಿಯಮಗಳು: ಅವು ಹುಟ್ಟಿದ ಬಗೆ

ಉಪಾಧ್ಯಾಯ ಮಿತ್ರರು ನಾಲ್ವರು ಒಂದೆಡೆ ಸೇರಿದರೆ ಇಂಗ್ಲೀಷು ಪಾಠದ ವಿಷಯವಾಗಿ ಮೂರು ಪ್ರಶ್ನೆಗಳು ತಪ್ಪದೆ ಏಳುತ್ತವೆ. ‘ಐ ವಿಲ್ ಗೋ’ ಎಂಬುದು ತಪ್ಪೆ? ವಾಕ್ಯದ ಕೊನೆಯಲ್ಲಿ ಪ್ರೆಪೊಸಿಷನ್ ಬರಬಹುದೆ? ಒಂದೇ ವಾಕ್ಯದಲ್ಲಿ ಎರಡು ನಿಷೇಧಗಳು ಬಂದರೆ ಅರ್ಥವೇನು? ನಾವು ಬಹುಕಾಲ ‘ವ್ಯಾಕರಣದಲ್ಲಿ ಹಾಗಿದೆ’ ಎಂದಷ್ಟೇ ಹೇಳಿ, ಹುಡುಗರ ಉತ್ತರಗಳ ಮೇಲೆ ಕೆಂಪು ಮಸಿಯ ಗೆರೆ ಎಳೆಯುತ್ತ ಬಂದೆವು. ಆ ನಿಯಮಗಳನ್ನು ಮಾಡಿದವರು ಯಾರು, ಯಾವಾಗ ಎಂದು ವಿಚಾರಿಸಿದರೆ ಕೊಡಬೇಕಾದ ಉತ್ತರವೇ ಬೇರೆಯಾಗುತ್ತದೆ.

ಇಂಗ್ಲೀಷಿಗೆ ಇಂಗ್ಲೀಷಿನಲ್ಲೇ ಬರೆದ ಮೊದಲ ವ್ಯಾಕರಣ ವಿಲಿಯಂ ಬುಲೊಕರನದು. ಅದು ಅಚ್ಚಾದುದು ೧೫೮೬ರಲ್ಲಿ. ಮಹಾಕವಿ ಚಾಸರ್ ತೀರಿಕೊಂಡು ಆಗಲೇ ಸುಮಾರು ಎರಡು ಶತಮಾನ ಕಳೆದಿದ್ದುವು. ಅಂದಿನ ಶಾಲೆಗಳಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣ. ಆದುದರಿಂದ ಬುಲೊಕರನೂ ಅವನ ಅನಂತರದ ಹಲವರೂ ಇಂಗ್ಲೀಷನ್ನು ಆ ಅಚ್ಚಿನಲ್ಲೇ ಎರೆದರು.

‘ಶಲ್’, ‘ವಿಲ್’ಗಳ ವಿಚಾರವನ್ನು ಮೊದಲು ನೋಡೋಣ. ಆಕ್ಸ್‌ಫರ್ಡಿನ ರೇಖಾಗಣಿತ ಪ್ರಾಧ್ಯಾಪಕ ಜಾನ್ ವಾಲಿಸನು ಪರದೇಶೀಯರಿಗೆ ನೆರವಾಗಲೆಂದು ೧೬೫೩ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಇಂಗ್ಲೀಷು ವ್ಯಾಕರಣವೊಂದನ್ನು ಬರೆದನು. ಉತ್ತಮ ಪುರುಷದಲ್ಲಿ ಬರಿಯ ಭವಿಷ್ಯಕ್ಕೆ ‘ಶಲ್’, ಮಾತು ಕೊಡುವುದಕ್ಕೂ ಬೆದರಿಸುವುದಕ್ಕೂ ‘ವಿಲ್’, ಉಳಿದ ಪುರುಷಗಳಲ್ಲಿ ಇದಕ್ಕೆ ತಿರುಗುಮುರುಗು ಎಂಬ ಏರ್ಪಾಡು ಅವನದು. ಸ್ಕಾಟರು, ಐರಿಷರು, ಅಮೆರಿಕನ್ನರು ಇದನ್ನು ತಮ್ಮ ಮಾತಿನಲ್ಲಿ ಎಂದೂ ಪೂರ್ತಿಯಾಗಿ ಪಾಲಿಸಿದವರಲ್ಲ. ‘ಐ ವಿಲ್ ಗೋ’ ತಪ್ಪಲ್ಲ.

ಎರಡನೆಯದರ ಕಥೆ ಇನ್ನೂ ಸ್ವಾರಸ್ಯವಾದುದು. ‘ಪ್ರೆಪೊಸಿಷನ್’ ಎಂಬುದರ ಲ್ಯಾಟಿನ್ ಮೂಲಕ್ಕೆ ‘ಮೊದಲು ಇಟ್ಟದ್ದು’ ಎಂದರ್ಥ. ಕವಿ ಡ್ರೈಡನನು ೧೬೭೨ರಲ್ಲಿ ಬೆನ್ ಜಾನ್ಸನನ ಪಂಕ್ತಿಯೊಂದರ ಕೊನೆಯಲ್ಲಿ ಪ್ರೆಪೊಸಿಷನ್ ಇದ್ದುದನ್ನು ದೋಷವೆಂದು ಹೇಳಿದನು. ೧೬೬೮ರಲ್ಲಿ ಪ್ರಕಟವಾಗಿದ್ದ ತನ್ನದೇ ನಾಟಕಕಾವ್ಯ ಪ್ರಬಂಧದಲ್ಲೂ ಅಂಥವುಗಳಿದ್ದುದರಿಂದ ೧೬೮೪ರ ಮುದ್ರಣದಲ್ಲಿ ಅವನ್ನು ತಿದ್ದಿಕೊಂಡನು. ಮುಂದೆ ಬಿಷಪ್ಪನಾದ ರಾಬರ್ಟ್ ಲೌತನು ೧೭೬೨ರ ತನ್ನ ವ್ಯಾಕರಣದಲ್ಲಿ ಇದನ್ನು ನಿಷೇಧಿಸಲಿಲ್ಲ. ಮಾತುಕತೆಗೆ ಇದು ಒಪ್ಪುತ್ತದೆ, ಗಂಭೀರ ಬರವಣಿಗೆಗೆ ಮೊದಲಿಡುವುದೇ ಚೆಂದ ಎಂದಷ್ಟೇ ಅವನ ಮತ. ಇಂಗ್ಲೀಷಿಗೆ ಈ ಒಲವು ಬಲವಾಗಿದೆ ಎನ್ನುವಲ್ಲಿ ಅವನೇ ಉಪವಾಕ್ಯವನ್ನು ‘ಟು’ ಎಂದು ಮುಗಿಸಿದ್ದಾನೆ! ಅವನ ಸಲಹೆ ಮುಂದಿನವರ ಕೈಯಲ್ಲಿ ಕಟ್ಟಳೆಯಾಯಿತು. ೧೯೨೬ರಲ್ಲಿ ಫೌಲರನು ಈ ಕಟ್ಟಳೆಯನ್ನು ಮೂಢನಂಬಿಕೆಯೆಂದೇ ಕರೆದನು.

ಮೂರನೆಯದು ಹಾಗಲ್ಲ. ಚಾಸರನೂ ಷೇಕ್ಸ್‌ಪಿಯರನೂ ಒತ್ತಿ ಹೇಳುವುದಕ್ಕಾಗಿ ಎರಡೆರಡು ನಿಷೇಧಗಳನ್ನು ಬಳಸಿದ್ದುಂಟು. ಎರಡು ನಿಷೇಧ ಸೇರಿದರೆ ವಿಧಿ ಎಂದು ೧೭೧೧ರಲ್ಲಿ ಗ್ರೀನ್‌ವುಡ್ಡನು ಬರೆದನು. ಲೌತನೂ ಅದನ್ನು ಎತ್ತಿಹಿಡಿದನು. ಇಂದು ಶಿಷ್ಟ ಬರವಣಿಗೆಯಲ್ಲಿ ಈ ನಿಯಮ ನೆಲೆನಿಂತಿದೆ. ನಮ್ಮ ಹುಡುಗ ‘ನೋಬಡಿ ಡಿಡ್ ನಾಟ್ ಕಮ್’ ಎಂದು ಬರೆದರೆ ತಿದ್ದಲೇಬೇಕು. ಆದರೆ ಅವನು ದಡ್ಡನಲ್ಲ. ‘ಯಾರೂ ಬರಲಿಲ್ಲ’ ಎಂಬ ಕನ್ನಡ ಅವನ ಮನಸ್ಸಿನಲ್ಲಿದೆ. ನಮ್ಮಲ್ಲಿ ನಿಷೇಧ ಇರುವುದು ಕ್ರಿಯಾಪದದಲ್ಲಿ, ಇಂಗ್ಲೀಷಿನಲ್ಲಿ ‘ನೋಬಡಿ’ಯಲ್ಲೇ ಅದು ಮುಗಿಯಿತು ಎಂದು ಹಲಗೆಯ ಮೇಲೆ ಎರಡನ್ನೂ ಬರೆದು ತೋರಿಸಿದರೆ ಸಾಕು. ಮನೆಮಾತು ಒಂದು, ರಾಜ್ಯಭಾಷೆ ಇನ್ನೊಂದು ಆಗಿರುವ ಗಡಿನಾಡಿನ ಮಗುವಿಗೆ ಈ ಹೋಲಿಕೆ ಬಲುಬೇಗ ಹಿಡಿಯುತ್ತದೆ.

ಈ ನಿಯಮಗಳನ್ನೆಲ್ಲ ಶಾಲೆಯ ಒಳಗೆ ತಂದವರಲ್ಲಿ ಮುಖ್ಯನು ಲಿಂಡ್ಲೆ ಮರೆ. ಅಮೆರಿಕದಿಂದ ಬಂದು ಯಾರ್ಕಿನಲ್ಲಿ ನೆಲಸಿದ್ದ ಆತನು ಅಲ್ಲಿಯ ಹೆಣ್ಣುಮಕ್ಕಳ ಶಾಲೆಗಾಗಿ ೧೭೯೫ರಲ್ಲಿ ವ್ಯಾಕರಣ ಪ್ರಕಟಿಸಿದನು; ಅದರ ಬಹುಭಾಗ ಲೌತನಿಂದ ಪಡೆದುದು. ಆ ಪರಂಪರೆಯೇ ನೆಸ್‌ಫೀಲ್ಡರ, ರೆನ್ ಮತ್ತು ಮಾರ್ಟಿನ್ನರ ಪುಸ್ತಕಗಳ ಮೂಲಕ ನಮ್ಮ ಮೇಜಿನವರೆಗೆ ಬಂದಿತು.

ನಮ್ಮ ಕೇಶಿರಾಜನು ಸೂತ್ರ ಹೇಳಿದ ಮೇಲೆ ಕವಿಪ್ರಯೋಗಗಳನ್ನು ಮುಂದಿಡುತ್ತಾನೆ. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ಇಂಗ್ಲೀಷು ಪಾಠದಲ್ಲೂ ನಾವು ಈ ಕ್ರಮವನ್ನೇ ಹಿಡಿಯಬೇಕು. ಒಳ್ಳೆಯ ಲೇಖಕರ ಬಳಕೆ ಒಪ್ಪಿದ ವಾಕ್ಯಕ್ಕೆ ಅಂಕ ಕಳೆಯಲಾಗದು. ಹಿಂದೆ ನಾವು ಹಾಗೆ ಕಳೆದ ಅಂಕಗಳನ್ನು ಆ ಮಕ್ಕಳಿಗೆ ಮರಳಿ ಕೊಡುವಂತಿಲ್ಲ. ಈಗ ಎದುರಿಗೆ ಕುಳಿತಿರುವ ಮಕ್ಕಳ ಅಂಕಗಳನ್ನಾದರೂ ಉಳಿಸಬಹುದು.